ಸ್ವೀಟ್ ಜೋಳ

"ಇದಕ್ಕೆ ಯಾವ ರೋಗ ಬಂದಿದೆ ನೋಡಿ ಜಂಬಣ್ಣನೋರೆ" ಎಂದು ಸುಭದ್ರಮ್ಮ ಚೀಲದಿಂದ ನಾಲ್ಕಾರು ತೆನೆ ತೆಗೆದು, ಗಾಂಧಿ ಬಜಾರಿನ ಕಾಳು ವ್ಯಾಪಾರಿಯ ಮುಂದಿಟ್ಟಳು. ತೆನೆ ಚೆನ್ನಾಗಿ ಒಣಗಿತ್ತು. ಕಾಳುಗಳು ಮಾತ್ರ ಸುಕ್ಕುಗಟ್ಟಿ ಮುದುಕರ ಕೆನ್ನೆಯಂತಾಗಿದ್ದವು.

ಹಿಂದೆ ಮೈದುನ ವೀರಪ್ಪ ಕೈಕಟ್ಟಿ ನಿಂತಿದ್ದ. ಗಂಡ ಸತ್ತ ಮೇಲೆ ಹೊಳೆಹೊನ್ನೂರಿನ ಹೊಲವನ್ನು ತಾನೇ ಮಾಡುತ್ತೇನೆಂದು ಸುಭದ್ರಮ್ಮ ಹಿರಿಯರ ಎದುರು ಹಟ ಹಿಡಿದಿದ್ದಳು. ಒಂದು ಬೆಳೆ ತೆಗೆದು ತೋರಿಸಲಿ, ಅವಳ ತಪ್ಪಿನಿಂದ ಕೆಟ್ಟರೆ ಹೊಲ, ಎತ್ತು ಎರಡೂ ವೀರಪ್ಪನ ಕೈಗೆ ಎಂದು ಮಾತಾಗಿತ್ತು. ರೋಗ ಬಂದರೆ ಅದು ಯಾರ ತಪ್ಪೂ ಅಲ್ಲವಲ್ಲ. ರೋಗವೇ ಆಗಿರಲಪ್ಪ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ತನ್ನ ಬೆಳೆಗೆ ರೋಗ ಬರಲೆಂದು ದೇವರನ್ನು ಕೇಳುವ ಗತಿ ಶತ್ರುವಿಗೂ ಬೇಡ.

ಜಂಬಣ್ಣ ಒಂದು ಕಾಳನ್ನು ಉಗುರಿನಿಂದ ಕಿತ್ತು ನೋಡಿದ. "ರೋಗ ಅಲ್ಲಮ್ಮ. ಬೀಜ ಎಲ್ಲಿಂದ ತಂದ್ರಿ?"

"ಭದ್ರಾವತಿ ಸಂತೇಲಿ. ಹೊಸ ಮೆಕ್ಕೆಜೋಳ ಅಂದ್ರು."

"ಇದು ಸ್ವೀಟ್ ಕಾರ್ನ್. ಒಣಗೋ ತನಕ ಯಾಕೆ ಬಿಟ್ರಿ?"

"ಜೋಳ ಒಣಗ್ದೆ ಕೀಳ್ತಾರಾ?"

"ಇದು ಕಾಳಲ್ಲ, ತರಕಾರಿ. ಸೂಪಿಗೆ, ಪಲ್ಯಕ್ಕೆ ಹಾಕ್ತಾರೆ. ಎಳೆ ಇದ್ದಾಗ್ಲೇ ಕಿತ್ತು ತರಕಾರಿ ಮಂಡಿಗೆ ಹಾಕ್ಬೇಕಿತ್ತು. ಒಣಗಿದ್ರೆ ಹಿಂಗೇ ಮುದುಡೋದು. ಪ್ಯಾಕೆಟ್ ಮೇಲೆ ಸ್ವೀಟ್ ಅಂತ ಇರ್ಲಿಲ್ವಾ? ಸಿಹಿ ಅಂತ ಅರ್ಥ."

ಸುಭದ್ರಮ್ಮನ ದನಿ ಇಳಿಯಿತು. "ಬೀಜಕ್ಕೆ ದೇವ್ರ ಹೆಸ್ರು, ಹೆಣ್ಮಕ್ಕಳ ಹೆಸ್ರು ಎಲ್ಲ ಇಡ್ತಾರಲ್ಲ. ಇದೂ ಹಂಗೇ ಒಂದು ಹೆಸ್ರು ಅಂದ್ಕೊಂಡೆ."

ವೀರಪ್ಪ ಆಡಿಕೊಳ್ಳಲಿಲ್ಲ, ನಗಲಿಲ್ಲ. ಆಡಿಕೊಂಡಿದ್ದರೆ ಎದುರು ಮಾತಾಡಿ ಸ್ವಲ್ಪ ಹಗುರವಾಗಬಹುದಿತ್ತು. "ನಡೀರಿ ಅತ್ತಿಗೆ, ಬಸ್ಸಿಗೆ ಹೊತ್ತಾಯ್ತು" ಎಂದ. ಮೆಟ್ಟಿಲಿಳಿಯುತ್ತಾ, "ನಾಳೆ ಬಂದು ಎತ್ತು ಹೊಡ್ಕೊಂಡು ಹೋಗ್ತೀನಿ" ಎಂದೂ ಸೇರಿಸಿದ.

ಸುಭದ್ರಮ್ಮ ತೆನೆಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿಕೊಂಡಳು. ಹೊಲ ಇನ್ನೂ ಹಸಿರಾಗಿದ್ದಾಗ ಮಗಳು ಸೌಂದರ್ಯ ಒಂದು ತೆನೆ ಮುರಿದು ಹಸಿಯಾಗಿಯೇ ಕಡಿದು, "ಅಮ್ಮ, ಸಕ್ಕರೆ ಥರ ಇದೆ" ಎನ್ನುತ್ತಾ ಓಡಿ ಬಂದಿದ್ದಳು. ಬೆಳೆ ಹಾಳು ಮಾಡ್ತೀಯಾ ಎಂದು ಬೆನ್ನ ಮೇಲೆ ಬಾಸುಂಡೆ ಬರುವಂತೆ ಹೊಡೆದಿದ್ದಳು ಸುಭದ್ರಮ್ಮ.

ಇಡೀ ಹೊಲದಲ್ಲಿ ಹೊತ್ತಿಗೆ ಸರಿಯಾಗಿ ಕಿತ್ತದ್ದು ಅದೊಂದೇ ತೆನೆ.