ಡಬ್ಬಿಗೊಂದು ಮೊಳೆ

ಆ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಸೇರಿ ಇತ್ಯರ್ಥ ಮಾಡಬೇಕಿದ್ದ ಗಹನವಾದ ವಿಷಯವೆಂದರೆ, ಅಳಿಯ ತಂದಿದ್ದ ಅಂಗೈಯಗಲದ ಬಿಳಿ ಡಬ್ಬಿಯನ್ನು ಯಾವ ಮೊಳೆಗೆ ನೇತುಹಾಕಬೇಕು ಎಂಬುದು. ಅವನು ಅದನ್ನು ಬಾಣಂತಿಯ ಕೋಣೆಯಲ್ಲಿ ಹಾಕಿದ್ದ. ಮಂಚದ ಕೆಳಗೆ ಕೆಂಡದ ಬಾಣಲೆ ಇಟ್ಟ ಸ್ವಲ್ಪ ಹೊತ್ತಿಗೇ ಅದು ಕಿರುಚಿ, ಹದಿನೆಂಟು ದಿನದ ಮಗು ಬೆಚ್ಚಿಬಿದ್ದಿತ್ತು.

“ಕೆಂಡದಿಂದ ವಿಷಗಾಳಿ ಬರುತ್ತೆ, ಅತ್ತೆ. ಕಣ್ಣಿಗೆ ಕಾಣಲ್ಲ, ವಾಸನೆಯೂ ಇಲ್ಲ. ಅದು ಬಂದ್ರೆ ಇದು ಕೂಗುತ್ತೆ.”

“ನಾಲ್ಕು ಬಾಣಂತನ ಮಾಡಿದ ಮೂಗು ನಂದು. ನನಗೆ ಬರದ ವಾಸನೆ ನಿಮ್ಮ ಡಬ್ಬಿಗೆ ಬಂತಾ?”

“ಕಿಟಕಿಯಾದ್ರೂ ಒಂಚೂರು ತೆಗೀರಿ.”

“ಶೀತ ಆದ್ರೆ ಯಾರು ನೋಡ್ಕೋತಾರೆ, ನೀವಾ?”

ಆ ಮನೆಯಲ್ಲಿ ಅಳಿಯ ದೇವರ ಸಮಾನ. ಎರಡೆರಡು ಸಲ ತುಪ್ಪ ಬಡಿಸುತ್ತಿದ್ದರು; ಮಾತು ಮಾತ್ರ ಒಂದು ಸಲವೂ ಕೇಳುತ್ತಿರಲಿಲ್ಲ. ಅವನು ಹೆಂಡತಿಯ ಕಡೆ ನೋಡಿದ.

“ತಲೆ ಸಿಡೀತಿದೆ ಕಣ್ರೀ, ಜಗಳ ಬೇಡ,” ಎಂದಳು ಅವಳು.

“ನೋಡಿದ್ರಾ, ಎರೆದ ನೀರು ತಲೇಲಿ ಇನ್ನೂ ಆರಿಲ್ಲ,” ಎಂದು ಅತ್ತೆ ಬಾಣಲೆಗೆ ಇನ್ನಷ್ಟು ಕೆಂಡ ಸುರಿದರು.

ಮಾವ ಪೇಪರ್ ಮಡಚಿಟ್ಟು ತೀರ್ಪು ಕೊಟ್ಟರು: “ಪಡಸಾಲೆಗೆ ಹಾಕಿ. ಬಂದೋರ ಕಣ್ಣಿಗೂ ಬೀಳುತ್ತೆ.”

ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಪಡಸಾಲೆಯಲ್ಲಿ ಡಬ್ಬಿ ತೆಪ್ಪಗಿತ್ತು. ಎಲ್ಲರೂ ನೆಮ್ಮದಿಯಾಗಿ ಉಂಡು ಅಡ್ಡಾದರು.

ನಾಲ್ಕು ಗಂಟೆಗೆ, ಹಾಲೂಡಿಸಲು ಮಗಳನ್ನು ಎಬ್ಬಿಸೋಣವೆಂದು ಅತ್ತೆ ಕೋಣೆಯ ಬಾಗಿಲು ತೆರೆದರು. ಸ್ವಲ್ಪ ಹೊತ್ತಿಗೆ ಪಡಸಾಲೆಯ ಡಬ್ಬಿ ಕೂಗತೊಡಗಿತು. ಮಂಚದ ಮೇಲಿನ ಇಬ್ಬರೂ ಏಳಲಿಲ್ಲ.