ಚರ್ಮ ಹೊಡೆಯದ ಕೊಡತಿ

ಬಡಗಿ ಮೂರನೆಯ ಕೊಡತಿಯನ್ನೂ ಉಳಿಯ ಹಿಡಿಗೆ ಬಡಿದು ನೋಡಿದ. ಗಟ್ಟಿ ಮರ, ಕೈಗೆ ಹದವಾದ ತೂಕ. ಎಷ್ಟು ತೂತು ತೋಡಿದರೂ ಬಿರುಕು ಬಿಡುವಂಥದ್ದಲ್ಲ. ಸದ್ದಿಗೆ ಮಾತ್ರ ಅಂಗಡಿಯೇ ಅದುರಿತು.

"ಇದು ನಿಮಗಿಂತ ಹೆಚ್ಚು ಬಾಳುತ್ತೆ ಬಿಡಿ," ಎನ್ನುತ್ತ ಅಂಗಡಿಯವನು ಎಂದಿನಂತೆ ಸದ್ದು ತಗ್ಗಲೆಂದು ಅದರ ಮುಖಕ್ಕೆ ಹೊಡೆಯಲು ಚರ್ಮದ ತುಂಡು ತೆಗೆದ. ಸದ್ದು ಕೇಳಿದರೆ ಸಾಕು, ಬಡಗಿಯ ಪಕ್ಕದ ಮನೆಯ ಅಜ್ಜಿ ಕೋಲಿನಿಂದ ಗೋಡೆ ಗುದ್ದಿ ಅವನ ಜನ್ಮ ಜಾಲಾಡುತ್ತಿದ್ದುದು ಅಂಗಡಿಯವನಿಗೂ ಗೊತ್ತಿತ್ತು.

ಬಡಗಿ ಕೊಡತಿಯನ್ನು ಎದೆಗೆಳೆದುಕೊಂಡ. "ಚರ್ಮ ಬೇಡಪ್ಪ. ಅಜ್ಜಿ ತೀರಿಕೊಂಡ್ರು."

"ಅಯ್ಯೋ ಪಾಪ! ಆದ್ರೂ, ಬೇರೆ ಯಾರಾದ್ರೂ ಬೈಯೋಕೆ ಬಂದ್ರೆ?"

"ಬರ್ಲಿ," ಎಂದ ಬಡಗಿ. "ಕೂರ್ಲಿ ಅಂತಾನೇ ಇನ್ನೊಂದು ಕುರ್ಚಿ ಮಾಡ್ತಿದೀನಿ."