ಕೊನೇ ಹಾಡಿಗೆ ಎಕೋ ಬೇಡ

ಇದು ನಡೆದದ್ದೇ. ಒಗ್ಗರಣೆ ಹಾಕಿಲ್ಲ, ಹಾಕಿದ್ದರೂ ನಾಲ್ಕು ಕಾಳು ಸಾಸಿವೆ, ಅಷ್ಟೆ.

ಪುಸ್ತಕದಂಗಡಿಯ ಮಹಡಿಯ ಮೇಲೊಂದು ಪುಟ್ಟ ಹಾಲ್. ಭಾನುವಾರ, ಸಂಜೆ ನಾಲ್ಕು ಗಂಟೆ. ವೇದಿಕೆಯ ಹಿಂದೆ, ಮಾರಾಟವಾಗದ ಪುಸ್ತಕದ ಕಟ್ಟುಗಳ ನಡುವೆ ನಿಂತು, “ಇವತ್ತಿಗೆ ಮುಗೀತು ಕಣೋ, ಇನ್ಮೇಲೆ ನಾನು ಹಾಡಲ್ಲ,” ಎಂದಳು ಅಕ್ಕ. ಡ್ರಮ್ಮಿನ ಕಡ್ಡಿಗೆ ಟೇಪು ಸುತ್ತುತ್ತಿದ್ದ ತಮ್ಮನ ಕೈ ನಿಂತಿತು. ಯಾರ ದನಿಯನ್ನಾದರೂ ಇದ್ದಹಾಗೇ ತನ್ನ ಬಾಯಿಗೆ ಇಳಿಸಿಬಿಡುತ್ತಿದ್ದ ಅವನಿಗೆ ಮನೆಯಲ್ಲಿ ಗಿಳಿ ಎಂದೇ ಹೆಸರು.

ಅವರ ಬ್ಯಾಂಡಿನ ಹೆಸರು ‘ಅರೆನಿದ್ದೆ’. ಬರೆದು ಹಾಡುವವಳು ಅಕ್ಕ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಭಾವನದು ಗಿಟಾರು, ಗಿಳಿಯದು ಡ್ರಮ್ಮು. ಹನ್ನೊಂದು ವರ್ಷ, ನಾಲ್ಕು ಆಲ್ಬಮ್ಮು, ಮೂವತ್ತಾರು ಕುರ್ಚಿ. ಅವರದು ಡ್ರೀಮ್ ಪಾಪ್. ಹಾಗೆಂದರೆ ಗಿಟಾರು ಮಂಜಿನಂತೆ ಹರಡಬೇಕು; ದನಿ ಆ ಮಂಜಿನೊಳಗಿಂದ, ಪಕ್ಕದ ಬೀದಿಯಲ್ಲಿ ಯಾರೋ ಕನವರಿಸಿದ ಹಾಗೆ ಬರಬೇಕು. ಮೊದಲ ಆಲ್ಬಮ್ಮನ್ನು ಅಕ್ಕ ಹಾಡಿದ್ದು ಬಾಡಿಗೆ ಮನೆಯ ಮೆಟ್ಟಿಲ ಸಂದಿಯಲ್ಲಿ, ದನಿ ಗುಂಯ್‌ಗುಟ್ಟಲೆಂದು ಗೋಡೆಗೆ ಮುಖ ಮಾಡಿ. ಅಮ್ಮ ಅದನ್ನು ಕೇಳಿ, “ಚೆನ್ನಾಗಿದೆ, ಆದ್ರೆ ಯಾರ ಮೇಲೆ ಮುನಿಸ್ಕೊಂಡು ಆ ಕಡೆ ತಿರುಗಿ ಹಾಡಿದ್ದೀಯೇ?” ಎಂದಿದ್ದರು. ಈಗ ಮೆಟ್ಟಿಲು ಬೇಕಿಲ್ಲ, ಎಕೋದ ಗುಂಡಿ ತಿರುಗಿಸಿದರೆ ಸಾಕು.

“ಏನಾಯ್ತಕ್ಕ ಈಗ?”

“ಒಂದೊಂದು ಪದಕ್ಕೆ ವಾರಗಟ್ಟಲೆ ತಲೆ ಕೆರ್ಕೊಂಡು ಬರೀತೀನಿ. ಹನ್ನೊಂದು ವರ್ಷದಲ್ಲಿ ಒಂದು ಪದಾನೂ ಒಬ್ಬರ ಕಿವಿಗೂ ಬಿದ್ದಿಲ್ಲ. ಇವರಿಗೆ ಹಾಡಿದ್ರೂ ಒಂದೇ, ಗೋಡೆಗೆ ಹಾಡಿದ್ರೂ ಒಂದೇ.”

“ಎಲ್ಲಾ ಕೇಳ್ತಾರೆ, ಬಿಡು.”

“ಕೇಳ್ತಾರಾ? ಸರಿ. ಕೊನೇ ಹಾಡಲ್ಲಿ ಪದ ಬಿಟ್ಟು ನಿನ್ನ ಬೈತೀನಿ. ಇದೇನಪ್ಪಾ ಅಂತ ಒಂದೇ ಒಂದು ತಲೆ ತಿರುಗಿದ್ರೂ ಬ್ಯಾಂಡ್ ಬಿಡಲ್ಲ. ಇಲ್ಲಾಂದ್ರೆ ಭಾವ, ಭಾವಮೈದ ಇಬ್ಬರೇ ಕೂತ್ಕೊಂಡು ಬಾರಿಸ್ಕೊಳ್ಳಿ.”

ತಂತಿ ಬಿಗಿ ಮಾಡುತ್ತಿದ್ದ ಭಾವ, “ಬೈಯೋದಾದ್ರೆ ಶ್ರುತಿಯಲ್ಲಿ ಬೈ,” ಎಂದ. ಆ ಸಂಜೆ ಅವನಾಡಿದ ಮಾತು ಅದೊಂದೇ.

ಗಿಳಿ ಲೆಕ್ಕ ಹಾಕಿದ. ಎಕೋ ಇದ್ದರೆ ಪದ ಕೇಳಿಸದೆ ಅಕ್ಕ ಗೆಲ್ಲುತ್ತಾಳೆ, ಗೆದ್ದರೆ ಹೊರಟೇ ಹೋಗುತ್ತಾಳೆ. ವೇದಿಕೆಯಿಂದ ಹಾಲಿನ ತುದಿಯಲ್ಲಿ ಕೂತ ಸೌಂಡಿನವನಿಗೆ ಒಂದು ಇಂಟರ್‌ಕಾಮ್ ಇತ್ತು. ಅಕ್ಕ ನೀರು ಕುಡಿಯಲು ಹೋದದ್ದೇ ತಡ, ಗಿಳಿ ಅದನ್ನೆತ್ತಿ, ಅವಳ ಸದಾ ನೆಗಡಿಯಾದಂಥ ದನಿಯಲ್ಲಿ ಶುರು ಹಚ್ಚಿದ: “ಅಣ್ಣಾ, ಕೊನೇ ಹಾಡಿಗೆ ಎಕೋ ಬೇಡ. ಪೂರ್ತಿ ತೆಗೆದುಬಿಡಿ. ಗಿಟಾರೂ ಇಳಿಸಿ. ನಾನೇ ಬಂದು ಹಾಕಿ ಅಂದ್ರೂ ಹಾಕ್ಬೇಡಿ.”

“ಆಯ್ತು ಮೇಡಂ,” ಎಂದಿತು ಆ ತುದಿ.

ಕೊನೆಯ ಹಾಡು ಬಂತು. ಅಕ್ಕ ಎಂದಿನಂತೆ ಕಣ್ಣು ಮುಚ್ಚಿ, ಜೇನಿನಲ್ಲಿ ಅದ್ದಿದ ದನಿಯಲ್ಲಿ ಎತ್ತಿಕೊಂಡಳು: “ನನ್ನ ಛತ್ರಿ ಒಯ್ದವನೇ… ಮೂರು ತಿಂಗಳಾಯಿತೋ… ವ್ಯಾನಿನ ಸೀಟಿನಡಿ… ನಿನ್ನ ಕಾಲುಚೀಲ ಸತ್ತು ಬಿದ್ದಿದೆಯೋ…”

ಪಕ್ಕದ ಮನೆಯಾಕೆ ಕಾಂಪೌಂಡಿನಾಚೆ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿತು. ಗಿಳಿ ಹಲ್ಲು ಕಿರಿಯುತ್ತ, ತಲೆಗಳು ತಿರುಗುವುದನ್ನೇ ಕಾದ. ಒಂದೂ ತಿರುಗಲಿಲ್ಲ. ಮೂವತ್ತಾರು ಬಾಯಿಗಳು ಅಲುಗುತ್ತಿದ್ದವು. ಮಂಜು ಸರಿದದ್ದರಿಂದ ಅದರಡಿಯಲ್ಲಿದ್ದದ್ದು ಮೇಲೆ ಬಂದಿತ್ತು: ಅಕ್ಕ ಛತ್ರಿ ಎಂದಲ್ಲಿ, ಕಾಲುಚೀಲ ಎಂದಲ್ಲಿ, ಅವರೆಲ್ಲ ತಮ್ಮಷ್ಟಕ್ಕೆ, ಮೆಲ್ಲಗೆ, ಅವಳೇ ಬರೆದ ನಿಜವಾದ ಪದಗಳನ್ನು ಹಾಡಿಕೊಳ್ಳುತ್ತಿದ್ದರು.

ಅಕ್ಕ ಕಣ್ಣು ಬಿಟ್ಟಳು, ಹಾಡು ನಿಲ್ಲಿಸಿದಳು. ಡ್ರಮ್ಮು ನಿಂತಿತು, ಗಿಟಾರು ನಿಂತಿತು. ಕೇಳುಗರು ನಿಲ್ಲಿಸಲಿಲ್ಲ. ಚರಣ ಮುಗಿಸಿ, ಮುಂದಿನದಕ್ಕೆ ಕಾದು ಕೂತರು.

“ನಿಮಗೆ… ಪದ ಗೊತ್ತಾ?”

ಮುಂದಿನ ಸಾಲಿನಲ್ಲಿ ಬಸ್ ಕಂಡಕ್ಟರ್ ಒಬ್ಬಳು, ಡ್ಯೂಟಿಯಿಂದ ನೇರ ಬಂದವಳು, ಟಿಕೆಟಿನ ಬ್ಯಾಗನ್ನು ತೊಡೆಯಿಂದ ಇಳಿಸಿ ಎದ್ದು ನಿಂತಳು. “ಹೆಡ್‌ಫೋನ್ ಹಾಕ್ಕೊಂಡು ಇಪ್ಪತ್ತು ಸಲ ಕೇಳಿದ್ರೆ ಬರುತ್ತೆ ಮೇಡಂ.” ಹೇಳಲೋ ಬೇಡವೋ ಎಂದು ತಡೆದು, “ಎರಡನೇ ಚರಣ ನೀವು ಆಗಾಗ ಮರೀತೀರಿ. ಆಗೆಲ್ಲ ನಾವೇ ಹಾಡಿ ದಾಟಿಸ್ತೀವಿ. ಛತ್ರಿ ಹೊಸದಾಗಿ ಸೇರಿಸಿದ್ದಾ?”

“ಅಲ್ಲಮ್ಮ. ಅದು ಮನೆ ಜಗಳ,” ಎಂದು ಅಕ್ಕ ಮೂಗೊರೆಸಿಕೊಂಡಳು. ಗಿಳಿಯ ಕಡೆ ಒಮ್ಮೆ ನೋಡಿದಳು. ಯಾರ ಕೈವಾಡ ಎಂದು ಕೇಳಬೇಕಿರಲಿಲ್ಲ. “ಮೊದಲಿಂದ ಹಾಡೋಣ. ಎಕೋ ಇಲ್ದೆ ಹೀಗೇ ಇರ್ಲಿ. ಲೋ ಗಿಳಿ, ನೀನೂ ಹಾಡೋ.”

ಭಾವ ತಂತಿ ಮೀಟಿದ. ಎಲ್ಲರೂ ಎತ್ತಿಕೊಂಡರು. ಗಿಳಿ ಡ್ರಮ್ಮು ಬಾರಿಸುತ್ತ ಬಾಯಿ ತೆರೆದ, ಆಗ ಹೊಳೆಯಿತು. ಹನ್ನೊಂದು ವರ್ಷ ಅವಳ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ಕೂತಿದ್ದ. ಅವಳ ಕೆಮ್ಮು, ನಿಟ್ಟುಸಿರು, ಗಂಡನನ್ನು “ರೀ” ಎಂದು ಎಳೆದು ಕರೆಯುವುದು, ಎಲ್ಲವನ್ನೂ ಅಣಕಿಸಬಲ್ಲ. ಅವಳು ಹಾಡುವುದು ಏನನ್ನು ಎಂದು ಒಂದು ದಿನವೂ ಕೇಳಿರಲಿಲ್ಲ. ಆ ಹಾಲಿನಲ್ಲಿ ಒಂದು ಪದವೂ ಗೊತ್ತಿಲ್ಲದವನು ತಾನೊಬ್ಬನೇ. ಮಾನ ಉಳಿಸಿಕೊಳ್ಳಲು ಗಾಜಿನ ತೊಟ್ಟಿಯ ಮೀನಿನಂತೆ ಸುಮ್ಮನೆ ಬಾಯಿ ಮುಚ್ಚಿ ತೆರೆಯತೊಡಗಿದ. ಎಲ್ಲರೂ ರಾಗ ಎಳೆದಲ್ಲಿ ತಾನು ಹುಬ್ಬು ಎಳೆದ.

ಅಷ್ಟರಲ್ಲಿ ಅಕ್ಕ ಹಿಂತಿರುಗಿ ನೋಡಿದಳು. ಆ ತುಟಿಗಳನ್ನು ನೋಡಿದ್ದೇ, ಸಾಲಿನ ನಡುವೆ ಅವಳ ದನಿ ಒಡೆಯಿತು. ಮೈಕಿನ ಸ್ಟ್ಯಾಂಡನ್ನು ತಬ್ಬಿ, ಬಗ್ಗಿ, ಉಸಿರು ಸಿಕ್ಕದೆ ನಕ್ಕಳು. ಒಬ್ಬೊಬ್ಬರಾಗಿ ಮೂವತ್ತಾರು ಜನವೂ ನಕ್ಕರು. ಅವಳ ನಗೆಯ ಮುಂದೆ ಅದು ಕೇಳಿಸಲೇ ಇಲ್ಲ. ಗಿಳಿ ಮಾತ್ರ ಕಣ್ಣು ಮುಚ್ಚಿ, ತನ್ಮಯನಾಗಿ, ಇನ್ನೂ ತುಟಿ ಆಡಿಸುತ್ತಲೇ ಇದ್ದ. ಹಾಡು ನಿಂತು ಆಗಲೇ ಎಷ್ಟೋ ಹೊತ್ತಾಗಿತ್ತು.